ಆಟದ ಮಾತು ಮಾತಲ್ಲ

ನಾಗರಪಂಚಮಿಯ ದಿನ ಬೆಳಿಗ್ಗೆ ಯಾದಗಿರಿಯಿಂದ ಸುರಪುರದ ಬಸ್ಸು ಹತ್ತಿದೆವು, ನಾನು ಮತ್ತು ನಮ್ಮವರು. ಶಹಾಪುರದ ತನಕ ನಿಂತೇ ಬಂದು, ಅಲ್ಲಿ ಅರ್ಧ ಬಸ್ಸು ಇಳಿದ ಮೇಲೆ ಸೀಟು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಯಾರೋ ಫೋನಿನಲ್ಲಿ ಲೂಡೋ ಆಡುತ್ತಿದ್ದರು. ದಾಳ ಗುಡುಗುಡು ಉರುಳುವುದು, ಕಾಯಿ ಟಕಟಕ ನಡೆಯುವುದು, ಗೆದ್ದಾಗ ಮದುವೆಯ ಬ್ಯಾಂಡಿನಂಥ ಒಂದು ಗದ್ದಲ. ಆ ಗದ್ದಲ ಕೇಳಿದರೆ ನಾನು ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತೇನೆ. ನಮ್ಮವರು ಹಿಂದೆ ತಿರುಗಿ, "ಜರಾ ಆವಾಜ್ ಕಮ್ಮಿ ಮಾಡ್ರಿ, ತಲಿ ನೋಯಾಕತ್ತೈತಿ" ಎಂದರು. ಅವರಿಗೆ ಅದು ಬರೀ ತಲೆನೋವು. ನನಗೆ ಅದು ನಮ್ಮ ಅತ್ತೆಯ ಕೊನೆಯ ಮಳೆಗಾಲ.

ಅತ್ತೆಯ ಹೆಸರು ಗುರುಬಸಮ್ಮ. ರಂಗಂಪೇಟೆಯಲ್ಲಿ ನಮ್ಮದು ಎರಡು ಬಾಗಿಲಿನ ಮನೆ. ಮೊದಲು ಬಾಗಿಲು ಒಂದೇ ಇತ್ತು. ಮಾವನವರೂ ಅವರ ತಮ್ಮನೂ ಬೇರೆಯಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು, ಬೀದಿಗೆ ಇನ್ನೊಂದು ಬಾಗಿಲು ಬಿತ್ತು. ಆ ಬಾಗಿಲಿನಾಚೆ ಮಾವನ ತಮ್ಮನ ಹೆಂಡತಿ ನೀಲಮ್ಮ, ನಾನು ಸಣ್ಣತ್ತಿ ಎಂದು ಕರೆಯುವವರು. ಈ ನೆಗೆಣ್ಣಿಯರಿಬ್ಬರೂ ಒಂದೇ ಹಂದರದಡಿ ಅಕ್ಕಿಕಾಳು ಹಾಕಿಸಿಕೊಂಡು ಆ ಮನೆಗೆ ಸೊಸೆಯಾಗಿ ಬಂದವರು. ಗೋಡೆ ಏಳುವ ದಿನ, ಯಾರಿಗೆ ಎಷ್ಟು ಅಂಕಣ ಎಂಬ ಜಗಳದಲ್ಲಿ, ಅತ್ತೆ ನಾಲ್ಕು ಮಂದಿಯ ಎದುರು ಒಂದು ಮಾತು ಆಡಿಬಿಟ್ಟರು: "ಹಡೀಲಾರದಾಕಿಗಿ ಇಷ್ಟ ದೊಡ್ಡ ಪಡಸಾಲಿ ಯಾಕ ಬೇಕು?"

ಸಣ್ಣತ್ತಿಗೆ ಮಕ್ಕಳಿರಲಿಲ್ಲ. ನಮ್ಮವರನ್ನು ಟೊಂಕದ ಮೇಲೆ ಹೊತ್ತು, ಉಣಿಸಿ, ಮೂಗು ಒರೆಸಿ ಶಾಲೆಗೆ ಕಳಿಸಿದ್ದು ಅರ್ಧಕ್ಕರ್ಧ ಅವರೇ. ಆ ಮಾತು ಕೇಳಿ ಅವರು ಅಳಲಿಲ್ಲವಂತೆ, ಬೈಯಲೂ ಇಲ್ಲವಂತೆ. ಕೊರಳಿನ ಲಿಂಗ ಮುಟ್ಟಿ, "ಇನ್ನ ನಿನ್ನ ಕೂಡ ಮಾತಿಲ್ಲ" ಎಂದು ತಮ್ಮ ಪಾಲಿನೊಳಗೆ ಹೋದರಂತೆ. ಇದೆಲ್ಲ ನಾನು ಮದುವೆಯಾಗಿ ಬರುವುದಕ್ಕಿಂತ ಮುಂಚಿನ ಕಥೆ. ನಾನು ಬಂದು ನೋಡಿದಾಗ ಆ ಆಣೆ ಗೋಡೆಯಷ್ಟೇ ಗಟ್ಟಿಯಾಗಿ ನಿಂತಿತ್ತು.

ಗೋಡೆ ಮನೆಯನ್ನು ಒಡೆದಿತ್ತು, ಮುಂದಿನ ಕಟ್ಟೆಯನ್ನು ಒಡೆದಿರಲಿಲ್ಲ. ಎರಡೂ ಬಾಗಿಲಿಗೆ ಸೇರಿದ ಉದ್ದನೆಯ ಕಟ್ಟೆ ಅದು. ಅದರ ಫರಸಿ ಕಲ್ಲಿನ ಮೇಲೆ ಯಾವ ಕಾಲದಲ್ಲೋ ಯಾರೋ ಉಳಿಯಿಂದ ಕೊರೆದ ಚೌಕಾಬಾರದ ಮನೆಗಳಿವೆ. ಆ ಓಣಿಯ ಹೆಂಗಸರಲ್ಲಿ ಒಂದು ರೂಢಿ. ಮಾತು ಬಿಟ್ಟವರು ಕೂಡ ಕಟ್ಟೆಯ ಮೇಲೆ ಎದುರುಬದುರು ಕೂತು ಆಡಬಹುದು. ಕವಡಿ ಉರುಳುತ್ತಿರುವಷ್ಟು ಹೊತ್ತು ಆಡಿದ ಮಾತು ಲೆಕ್ಕಕ್ಕಿಲ್ಲ, ಆಣೆ ಮುರಿಯುವುದಿಲ್ಲ. "ಆಟದ ಮಾತು ಮಾತಲ್ಲ" ಎನ್ನುತ್ತಾರೆ. ಉಳಿದ ಮನೆಗಳಲ್ಲಿ ಈ ಸವಲತ್ತು ಪಂಚಮಿಯಿಂದ ಮಹಾನವಮಿಯ ತನಕ. ಈ ಇಬ್ಬರು ಅದನ್ನು ವರ್ಷಪೂರ್ತಿ ನಡೆಸಿಕೊಂಡು ಬಂದಿದ್ದರು.

ಅತ್ತೆಯ ಕಾಯಿ ಹುಣಸೆ ಬೀಜ, ಸಣ್ಣತ್ತಿಯ ಕಾಯಿ ಬಳೆಚೂರು. ಮಧ್ಯಾಹ್ನ ಊಟ ಮುಗಿದು ಮುಸುರೆ ತಿಕ್ಕಿದ ಮೇಲೆ ಎರಡು ಬಾಗಿಲಿಂದ ಇಬ್ಬರೂ ಬಂದು ಕೂತರೆಂದರೆ ಬೈಗುಳವೋ ಬೈಗುಳ. ಮೊದಮೊದಲು ನಾನು ಜಗಳವೆಂದೇ ತಿಳಿದಿದ್ದೆ. ಆಮೇಲೆ ಕಿವಿ ಪಳಗಿತು. "ನಿನ್ನ ಕಾಯಿ ಯಾಕ ಕುಂಟಾಕತ್ತೈತಿ? ಎಣ್ಣಿ ಕಾಸಿ ತಿಕ್ಕು ಅದಕ" ಎಂದು ಅತ್ತೆ ಗದರಿದರೆ ಅದು ಸಣ್ಣತ್ತಿಯ ಮೊಣಕಾಲಿನ ಸುದ್ದಿ. "ನಿನ್ನ ಕಾಯಿ ಮನಿ ಬಿಟ್ಟು ಯಾದಗಿರಿಗಿ ಹೋಗಿ ಕುಂತೈತಿ, ನೆಪ್ಪ ಐತೊ ಇಲ್ಲೊ ಅದಕ?" ಎಂದು ಸಣ್ಣತ್ತಿ ಕೇಳಿದರೆ ಅದು ನಮ್ಮವರ ವಿಚಾರ. ಜ್ವರ, ಉಪವಾಸ, ದೇವಾಪುರದ ಹೊಲದಲ್ಲಿ ತೊಗರಿ ಎಷ್ಟು ಎತ್ತರ ಬಂದಿದೆ ಎಂಬುದು, ಎಲ್ಲವೂ ಕಾಯಿಯ ಹೆಸರಿನಲ್ಲಿ ಹೋಗಿ ಬರುತ್ತಿದ್ದವು. ಕವಡಿ ಎತ್ತಿ ಸೆರಗಿಗೆ ಕಟ್ಟಿದರೋ, ಮುಗಿಯಿತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಚೌಕಾಬಾರದಲ್ಲಿ ಒಂದು ಕಾಯ್ದೆಯಿದೆ. ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ, ನಡುಮನೆ ಸೇರಿ ಹಣ್ಣಾಗುವಂತಿಲ್ಲ. ಹೊಡೆಯಬೇಕು, ಆಮೇಲೆ ಒಳಗೆ ಹೋಗಬೇಕು. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಅತ್ತೆಯ ಮೈ ಬಾತುಕೊಂಡಿತು. ಮೂತ್ರಪಿಂಡ ಕೈಕೊಟ್ಟಿದೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದರು ಡಾಕ್ಟರು. ಯಾದಗಿರಿಯಲ್ಲೇ ನಮ್ಮವರ ಪೈಪು-ಮೋಟರಿನ ಅಂಗಡಿ, ನಾನು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅತ್ತೆಯನ್ನು ಕರೆದುಕೊಂಡು ಬಂದೆವು. ಆ ವರ್ಷದ ಮಳೆ ನಿಮಗೆ ನೆನಪಿರಬಹುದು. ಬಿಟ್ಟೂಬಿಡದೆ ಜಿಟಿಜಿಟಿ. ಬಟ್ಟೆ ಒಣಗಲಿಲ್ಲ, ಗೋಡೆ ಬೂಷ್ಟು ಹಿಡಿಯಿತು, ಎರೆಮಣ್ಣು ಚಪ್ಪಲಿಗೆ ಮೆತ್ತಿ ಅಂಗಳದಿಂದ ಅಡಿಗೆಮನೆಯ ತನಕ ಬರುತ್ತಿತ್ತು. ಅತ್ತೆ ಕಿಟಕಿಯ ಬದಿಯ ಮಂಚದ ಮೇಲೆ ಕೂತು ಎದುರುಮನೆಯ ನೀರಿನ ಟಾಕಿಯನ್ನು ನೋಡುತ್ತಿದ್ದರು. ನಾಲ್ಕು ದಿನಕ್ಕೊಂದು ಮಾತು ಆಡಿದರೆ ಹೆಚ್ಚು.

ಅವರಿಗೊಂದು ಆಟ ಹುಡುಕಬೇಕು ಎಂದು ನನಗೆ ಹೊಳೆಯಿತು. ಮನೆಯಲ್ಲಿ ಎಲ್ಲರ ಫೋನಿನಲ್ಲೂ ಒಂದೊಂದು ಆಟ ಇದ್ದೇ ಇತ್ತು. ಮಗಳು ಶ್ವೇತಾ, ಪಿಯುಸಿ ಓದುವವಳು, ಲೂಡೋ ಆಡುತ್ತಿದ್ದಳು, ಗುರುತು ಪರಿಚಯ ಇಲ್ಲದವರ ಜೊತೆ. ಅವಳಿಗೆ ಬೇಕಾದದ್ದು ಪದವಿ: ಕಂಚು, ಬೆಳ್ಳಿ, ಬಂಗಾರ. ನಾನು ಹುಲಿಕಟ್ಟುವ ಆಟ ಆಡುತ್ತಿದ್ದೆ, ಯಾವಾಗಲೂ ಕುರಿಗಳ ಕಡೆ. ಒಂದೊಂದೇ ಕುರಿ ಇಟ್ಟು, ಅವಸರ ಮಾಡದೆ, ಹುಲಿಗೆ ಹೆಜ್ಜೆ ಎತ್ತಲು ಜಾಗವಿಲ್ಲದಂತೆ ಮಾಡುವುದರಲ್ಲಿ ಸಿಗುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಗಂಡನ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಹೆಂಗಸಿಗೆ ಅದು ಯಾಕೆ ಹಿಡಿಸುತ್ತದೆಂದು ವಿವರಿಸಬೇಕಿಲ್ಲ. ನಮ್ಮವರು ಚದುರಂಗ ಆಡುತ್ತಿದ್ದರು, ಫೋನಿನ ಜೊತೆ. 'ಸುಲಭ, ಮಧ್ಯಮ, ಕಠಿಣ' ಎಂಬ ಮೂರರಲ್ಲಿ ಅವರದು ಯಾವಾಗಲೂ ಸುಲಭ. ಊಟವಾದ ಮೇಲೆ ಎರಡು ಆಟ ಗೆದ್ದು ಮಲಗುತ್ತಿದ್ದರು. "ದಿನವೆಲ್ಲ ಗಿರಾಕಿ ಮುಂದ ಸೋತ ಬರ್ತೀನಿ, ಇಲ್ಲಾದ್ರೂ ಗೆಲ್ತೀನಿ ಬಿಡು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಂದು ಮನೆಯಲ್ಲಿ ಇದ್ದವರು ಇಷ್ಟು ಮಂದಿ, ಒಬ್ಬೊಬ್ಬರ ಹಸಿವು ಒಂದೊಂದು ಥರ.

ಅತ್ತೆಯ ಹಸಿವು ಯಾವುದೆಂದು ತಿಳಿಯಲು ಎಲ್ಲವನ್ನೂ ಬಡಿಸಿ ನೋಡಿದೆ. ಲೂಡೋ ಕೊಟ್ಟೆ. ಎರಡು ಸಲ ಆಡಿ, "ಇದರಾಗ ಬೈದ್ರ ಕೇಳಾಕ ಯಾರದಾರ?" ಎಂದು ಕೆಳಗಿಟ್ಟರು. ಹಾವು-ಏಣಿ ಕೊಟ್ಟೆ. "ಹಾವು ನುಂಗ್ತು ಅಂತ ಹಾವಿನ ಕೂಡ ಜಗಳಾ ತಗೀಲೇನು? ತಗಿ ಅತ್ತ" ಎಂದರು. ನೆನಪಿನ ಶಕ್ತಿ ಹೆಚ್ಚಿಸುವ ಆಟವೊಂದನ್ನು ಶ್ವೇತಾ ಹಾಕಿಕೊಟ್ಟಳು. "ನೆನಪು ಇದ್ದಷ್ಟು ಸಾಕಾಗೈತಿ ನನಗ, ಮತ್ತ ಹೆಚ್ಚಿಗಿ ಯಾಕ?" ಎಂದುಬಿಟ್ಟರು. ಹುಡುಕಿ ಹುಡುಕಿ ಕೊನೆಗೆ ಚೌಕಾಬಾರವೇ ಸಿಕ್ಕಿತು. ಇಬ್ಬರು ಎರಡು ಊರಲ್ಲಿ ಕೂತು ಆಡಬಹುದು, ಮೈಕಿನ ಗುಂಡಿ ಒತ್ತಿದರೆ ಆಡುತ್ತಲೇ ಮಾತೂ ಕೇಳಿಸುತ್ತದೆ. ಆಟ ಮುಗಿದರೆ ಮಾತು ತಾನೇ ಕಡಿಯುತ್ತದೆ. ಯಾರೋ ರಂಗಂಪೇಟೆಯ ಕಟ್ಟೆ ನೋಡಿಕೊಂಡೇ ಮಾಡಿದ ಹಾಗಿತ್ತು.

ಪಂಚಮಿಗೆ ಎರಡು ದಿನ ಇರುವಾಗ ರಂಗಂಪೇಟೆಗೆ ಹೋಗಿ ಸಣ್ಣತ್ತಿಯ ಫೋನಿಗೂ ಅದನ್ನು ಹಾಕಿಕೊಟ್ಟೆ. ಅವರು ಎಷ್ಟೋ ಹೊತ್ತು ಅದನ್ನೇ ನೋಡಿದರು.

"ಫೋನಿನಾಗ ಮಾತಾಡಿದ್ರ ಮಾತಾಡಿದಂಗ ಅಲ್ಲೇನು?" ಎಂದು ಕೇಳಿದರು.

"ನನಗ ಗೊತ್ತಿಲ್ರಿ ಸಣ್ಣತ್ತಿ, ನೀವ ಹೇಳ್ರಿ" ಎಂದೆ.

ಅವರು ತೆರೆಯ ಮೇಲಿನ ಕವಡಿಯನ್ನು ಬೆರಳಿನಿಂದ ಮುಟ್ಟಿದರು. ಅದು ಉರುಳಿತು. "ಕವಡಿ ಉಳ್ಳಾಕತ್ತೈತಲ್ಲ" ಎಂದರು. "ಉಳ್ಳಾಕತ್ತಿದ್ರ ಆಟ. ಆಟದ ಮಾತು ಮಾತಲ್ಲ."

ಸಣ್ಣತ್ತಿಯ ಮನೆಯೊಳಗೆ ನೆಟ್‌ವರ್ಕ್ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಬರುತ್ತಿತ್ತು. ಹಾಗಾಗಿ ಅವರು ಮಳೆಯಲ್ಲಿ ಕೊಡೆ ಬಿಚ್ಚಿಕೊಂಡು, ಅದೇ ಕೊರೆದ ಕಲ್ಲಿನ ಮೇಲೆ ಫೋನಿಟ್ಟು, ತಮ್ಮ ಎಂದಿನ ಜಾಗದಲ್ಲೇ ಕೂತು ಆಡುತ್ತಿದ್ದರು. ಈ ಕಡೆ ಅತ್ತೆ, ಡಯಾಲಿಸಿಸ್ ದಿನ ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಆಡುತ್ತಿದ್ದರು. "ಏ ನನ್ನ ಕಾಯಿ ಯಾಕ ಹೊಡದಿ? ನಿನ್ನ ಕೈ ಸೇದಿ ಹೋಗಲಿ!" ಎಂಬ ಕೂಗಿಗೆ ವಾರ್ಡಿನ ನರ್ಸು ಓಡಿಬಂದಿದ್ದೂ ಉಂಟು. ಮುಖಕ್ಕೆ ಕಳೆ ಬಂತು. ತಾವಾಗಿ ಬಜ್ಜಿ ಕೇಳಿ ತಿಂದರು. ಮತ್ತೊಂದು ನೋಡಿದೆ. ಆಟ ಮುಗಿದರೆ ಮಾತು ಕಡಿಯುತ್ತದೆಂದು ಗೊತ್ತಾದ ಮೇಲೆ ಇಬ್ಬರೂ ಆಟ ಮುಗಿಸುವುದನ್ನೇ ಬಿಟ್ಟರು. ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಇರುವಾಗ ಕವಡಿ ಹಾಕದೆ ಕೂತು ತಾಸುಗಟ್ಟಲೆ ಮಾತು. ಯಾರಿಗೂ ಗೆಲ್ಲುವ ಅವಸರವಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ, ಒಂದು ಭಾನುವಾರ, ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ. ಅತ್ತೆಯ ದನಿ ಸಣ್ಣಗಾಗಿತ್ತು.

"ಅವತ್ತ ಒಂದ ಕಾಯಿ ನಾ ತಪ್ಪು ನಡಸಿದ್ದೆ."

ಆ ಕಡೆಯಿಂದ ಸಣ್ಣತ್ತಿ ಕೇಳಿದರು: "ಯಾವ ಕಾಯಿ?"

ಯಾವ ಕಾಯಿ ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆಯ ಬಾಯಿಂದ ಅದು ಬರಬೇಕಿತ್ತು, ಅಷ್ಟೇ. ಅತ್ತೆ, "ಇವತ್ತ ಬ್ಯಾಡ. ನಾಳಿ ಆಸ್ಪತ್ರ್ಯಾಗ ಆಡೂಮು, ಹೇಳ್ತೀನಿ" ಎಂದು ಕವಡಿ ಹಾಕಿ ಕಾಯಿ ಹಣ್ಣು ಮಾಡಿಬಿಟ್ಟರು. ಮಾತು ಕಡಿಯಿತು. ರಾತ್ರಿ ಊಟಕ್ಕೆ ಕೂತಾಗ, "ಮಾದೇವಿ, ಒಣಾ ಜಿದ್ದು ಹೊತ್ತಗೊಂಡು ಎಷ್ಟ ದಿನಾ ತಿರಗೂದು?" ಎಂದರು. ನನಗಷ್ಟೇ ಕೇಳುವಂತೆ ಅಂದಿದ್ದರು.

ಮರುದಿನ ನಾನು ಶಾಲೆಗೆ ಹೋದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನಮ್ಮವರ ಪಾಳಿ. ಅದಕ್ಕೂ ಹಿಂದಿನ ಸಲ ಅತ್ತೆ ಸೋತು ಚೀರಾಡಿದಾಗ ಬಿಪಿ ಏರಿತ್ತು, ನರ್ಸು "ಅಜ್ಜಿಗಿ ಟೆನ್ಷನ್ ಕೊಡಬ್ಯಾಡ್ರಿ" ಎಂದಿದ್ದರು. ನಮ್ಮವರ ಗುಣ ಮೊದಲಿನಿಂದಲೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವ್ವನ ಆಟವನ್ನೂ ಬಿಡಿಸಬಾರದು, ಅವ್ವ ಸೋಲಲೂ ಬಾರದು. ಆ ಚೌಕಾಬಾರದಲ್ಲಿ ಫೋನಿನ ಜೊತೆಗೂ ಆಡಬಹುದಿತ್ತು. ಎದುರಾಳಿಗೆ ಬೇಕಾದ ಹೆಸರು ಇಡಬಹುದು, ಫೋಟೋ ಹಾಕಬಹುದು. ಅವರು ಸುಲಭ ಎಂಬುದನ್ನು ಒತ್ತಿ, ಎದುರಾಳಿಗೆ ನೀಲಮ್ಮ ಎಂದು ಹೆಸರಿಟ್ಟು, ಸಣ್ಣತ್ತಿಯ ಫೋಟೋ ಹಾಕಿ ತಾಯಿಯ ಕೈಗೆ ಕೊಟ್ಟರು. ದನಿ ಯಾಕೆ ಬರುತ್ತಿಲ್ಲ ಎಂದು ಅತ್ತೆ ಕೇಳಿದಾಗ, "ಸಣ್ಣವ್ವನ ಕಡಿ ಮೈಕ್ ಕೆಟ್ಟೈತಿ. ನಿಂದು ಆಕಿಗಿ ಕೇಳಸ್ತೈತಿ, ನೀ ಮಾತಾಡು" ಎಂದರು. ಕಟ್ಟೆಯಿಂದ ಸಣ್ಣತ್ತಿ ಆಟಕ್ಕೆ ಕರೆದಾಗಲೆಲ್ಲ 'ಬೇಡ' ಎಂಬ ಗುಂಡಿ ಒತ್ತಿದರು. ಇದಿಷ್ಟನ್ನೂ ಅವರು ಪ್ರೀತಿಯಿಂದಲೇ ಮಾಡಿದರು. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಡಿಯುತ್ತದೆ. ಸಿಟ್ಟಿನಿಂದ ಮಾಡಿದ್ದರೆ ಕ್ಷಮಿಸಬಹುದಿತ್ತು.

ಸುಲಭದ ಆಟದಲ್ಲಿ ಯಂತ್ರ ಹೊಡೆಯುವುದಿಲ್ಲ. ಹೊಡೆಯುವ ದಾರಿ ಎದುರಿಗೇ ಇದ್ದರೂ ಬೇರೆ ಕಾಯಿ ನಡೆಸುತ್ತದೆ. ಆಡುವವರು ಖುಷಿಯಾಗಲಿ ಎಂದು ಅದನ್ನು ಹಾಗೆ ಮಾಡಿರುತ್ತಾರೆ. ಅತ್ತೆ ಗೆದ್ದರು, ಮತ್ತೆ ಗೆದ್ದರು, ಗೆಲ್ಲುತ್ತಲೇ ಹೋದರು. ಪ್ರತಿ ಸಲ ಆ ಮದುವೆ ಬ್ಯಾಂಡು. ನಮ್ಮವರು ಮನೆಗೆ ಬಂದು, "ಇವತ್ತೂ ಅವ್ವನೇ ಗೆದ್ದಳು!" ಎಂದು ಹೇಳುವರು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗುವರು. ಮನೆಯಲ್ಲಿದ್ದಾಗ ಕಟ್ಟೆಯಿಂದ ಆಟದ ಕರೆ ಬಂದರೂ ಫೋನು ಮುಟ್ಟುವುದನ್ನೇ ಬಿಟ್ಟರು. ಡಯಾಲಿಸಿಸ್ ಆದ ದಿನ ಸುಸ್ತು ಇರುತ್ತದೆ, ಮೈ ಸೋತಿದೆ ಎಂದು ನಾನು ತಿಳಿದೆ.

ಮಹಾನವಮಿಗೆ ವಾರವಿರುವಾಗ ನಾನು ಅವರ ತಲೆ ಬಾಚುತ್ತಿದ್ದೆ. ಕೇಳದೆಯೇ ಹೇಳಿದರು.

"ಆಕಿ ನನ್ನ ಹೊಡೀವಲ್ಲಳು, ಮಾದೇವಿ."

"ಕವಡಿ ಬೀಳಾಕ ಬೇಕಲ್ರಿ ಅತ್ತಿ" ಎಂದೆ.

"ಬಿದ್ದಾವ. ನಾ ಕುರುಡಿ ಅಲ್ಲ. ಎದುರಿಗೇ ಕಾಯಿ ಇಟ್ರೂ ಹೊಡೀವಲ್ಲಳು. ಬಿಟ್ಟ ಕೊಡಾಕತ್ತಾಳ." ಬಾಚುವ ನನ್ನ ಕೈ ಹಿಡಿದು ಹೇಳಿದರು. "ಹೇಳಿದೆ ನಾ ಆಕಿಗಿ. ಯಾವ ಕಾಯಿ ಅನ್ನೂದು, ಬಾಯಿಬಿಟ್ಟ ಹೇಳಿದೆ. ಎಲ್ಲಾ ಕೇಳಿಸಿಕೊಂಡು ತುಟಿ ಬಿಚ್ಚಲಿಲ್ಲ. ಅವತ್ತಿಂದ ಬರೇ ಬಿಟ್ಟ ಕೊಡೂದು. ನಾ ಸಾಯ್ತೀನಂತ ಗೊತ್ತಾಗೇತಿ ಆಕಿಗಿ. ಹೆಣಾನ ಯಾರು ಹೊಡೀತಾರ?"

ಬಾಚಣಿಗೆ ಬಿಟ್ಟು ಫೋನು ತೆಗೆದು ನೋಡಿದೆ. ನೋಡಲು ನಿಮಿಷವೂ ಬೇಕಾಗಲಿಲ್ಲ. 'ನೀಲಮ್ಮ' ಎಂಬ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಕಂಪ್ಯೂಟರ್, ಸುಲಭ' ಎಂದಿತ್ತು. ಅತ್ತೆಗೆ ಓದಲು ಬರುತ್ತಿರಲಿಲ್ಲ.

"ಅತ್ತಿ, ಇವರು ಸಣ್ಣತ್ತಿ ಅಲ್ರಿ" ಎಂದೆ. "ಇದು ಫೋನೇ ಆಡೂದು. ಸಣ್ಣತ್ತಿಗಿ ನಿಮ್ಮ ಮಾತು ಮುಟ್ಟೇ ಇಲ್ಲ. ನಿಮ್ಮ ಮಗ ಮಾಡಿದ ಕೆಲಸಾ ಇದು."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಆಸೆಯೂ ಇತ್ತು, ಅನುಮಾನವೂ ಇತ್ತು. ನಮ್ಮವರು ಅಂಗಡಿಯಿಂದ ಬರುವ ತನಕ ಹಾಗೆಯೇ ಅರ್ಧ ಹೆರಳಿನಲ್ಲಿ ಕೂತಿದ್ದರು. ಬಂದ ಕೂಡಲೇ ಮಗನ ಕೈ ಹಿಡಿದು ಕೇಳಿದರು: "ಶರಣಪ್ಪಾ, ಖರೇ ಹೇಳು. ನನ್ನ ಕೂಡ ಆಡಿದಾಕಿ ನೀಲವ್ವನೋ, ಈ ಫೋನೋ?"

ನಾನು ಬಾಗಿಲಲ್ಲಿ ನಿಂತಿದ್ದೆ. ನಮ್ಮವರು ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು. ಅಷ್ಟೆಲ್ಲ ಗೆದ್ದದ್ದು ಸುಳ್ಳು ಎಂದು ತಿಳಿದರೆ ಅವ್ವನ ಎದೆ ಒಡೆಯುತ್ತದೆ ಎಂದುಕೊಂಡರಂತೆ. ಆಮೇಲೆ ನನಗೆ ಹೇಳಿದ್ದು.

"ಸಣ್ಣವ್ವನೇ ಅವ್ವಾ" ಎಂದರು. "ಮತ್ಯಾರು ಆಡ್ತಾರ?"

ಹೆತ್ತವರಿಗೆ ಹೆಗ್ಗಣ ಮುದ್ದು. ಸೊಸೆಯ ಮಾತು ಬಿದ್ದುಹೋಯಿತು, ಮಗನ ಮಾತು ನಿಂತಿತು. ಅತ್ತೆ ಮಗನ ಕೈ ಬಿಟ್ಟು, "ನನ್ನ ಸಮಾಧಾನಕ್ಕಂತ ಸುಳ್ಳ ಹೇಳಬ್ಯಾಡವ್ವಾ ಮಾದೇವಿ" ಎಂದು ನನಗೇ ಹೇಳಿದರು. ನಾನು ಕೂಗಾಡಿದೆ, ಅತ್ತೆ ಕಿವಿ ಮುಚ್ಚಿಕೊಂಡರು. ಹೊರಗೆ ಬಂದು ಸಣ್ಣತ್ತಿಗೆ ಫೋನು ಮಾಡಿ ಕಟ್ಟೆಗೆ ಬಂದು ಕೂಡಲು ಹೇಳಿದೆ. ಕತ್ತಲಲ್ಲಿ, ತುಂತುರಿನಲ್ಲಿ ಬಂದು ಕೂತರು. ಆಟ ಹಚ್ಚಿ ಅತ್ತೆಯ ಮುಂದೆ ಹಿಡಿದೆ. "ಗುರುಬಸವ್ವಾ, ಹಾಕು ಕವಡಿ" ಎಂದಿತು ಸಣ್ಣತ್ತಿಯ ದನಿ, ಖುದ್ದು ದನಿ. ಅತ್ತೆಗೆ ಕೇಳಿಸಿತು.

"ಈಗ ಮೈಕ್ ಬರೋಬರಿ ಆತೇನು ಆಕಿಂದು?" ಎಂದು ನನ್ನನ್ನು ಕೇಳಿದರು. "ನಾ ಹೇಳೂ ಮುಂದ ಬಾಯಿ ಬರಲಿಲ್ಲ. ಈಗ ಕನಿಕರ ಮಾಡಾಕ ಬಂದಾಳ. ಬಂದ್ ಮಾಡು ಅದನ್ನ." ತಮ್ಮ ಬೆರಳಿನಿಂದಲೇ ಆಟ ನಿಲ್ಲಿಸಿದರು. ಆ ಕಡೆ ಸಣ್ಣತ್ತಿ ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ.

ಆ ರಾತ್ರಿ ನಮ್ಮವರನ್ನು ಅಡಿಗೆಮನೆಯಲ್ಲಿ ನಿಲ್ಲಿಸಿ ಕೇಳಿದೆ. "ಅತ್ತಿ ಆ ದಿನ ಆಸ್ಪತ್ರ್ಯಾಗ ಏನ ಹೇಳಿದ್ರು ಫೋನಿನಾಗ? ನೀವೊಬ್ರ ಇದ್ರಿ ಅಲ್ಲಿ."

"ಏನೋ ಕಾಯಿ ಪಾಯಿ ಅನ್ನಾಕತ್ತಿದ್ಲು. ಅತ್ತಳು ಜರಾ. ನಾ ಲಕ್ಷ್ಯ ಕೊಡಲಿಲ್ಲ, ಬಿಲ್ ಕಟ್ಟಾಕ ಹೊಂಟಿದ್ದೆ."

ಇಡೀ ಆಯುಷ್ಯದಲ್ಲಿ ಗುರುಬಸಮ್ಮ ಎಂಬ ಹೆಂಗಸು ಒಮ್ಮೆ ತಪ್ಪೊಪ್ಪಿಕೊಂಡಿದ್ದಳು. ಅದನ್ನು ಕೇಳಿದ್ದು ಒಂದು ಯಂತ್ರ, ಇನ್ನೊಬ್ಬ ಬಿಲ್ಲು ಕಟ್ಟಲು ಹೊರಟಿದ್ದ ಮಗ.

ಸೀಗಿ ಹುಣ್ಣಿಮೆಯ ಮುಂಚೆ ಮಳೆ ನಿಂತು ಬಿಸಿಲು ಬಿತ್ತು. ಹೊಲಕ್ಕೆ ಎಡೆಯ ಚರಗ ಚೆಲ್ಲಲು ಜನ ಬುತ್ತಿ ಕಟ್ಟುತ್ತಿದ್ದ ದಿನ ಬೆಳಗಿನ ಜಾವ ಅತ್ತೆ ಹೋದರು. ಹೋಗುವ ತನಕ ಮತ್ತೆ ಆ ಮಾತು ಎತ್ತಲಿಲ್ಲ.

ರಂಗಂಪೇಟೆಗೆ ತಂದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮೀಯಿಸಿ, ವಿಭೂತಿ ಹಚ್ಚಿ, ಹಸಿರು ಸೀರೆ ಹೊದಿಸಿ, ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದರು. ಬಂದ ಜನಕ್ಕೆ ಕಾಣಬೇಕೆಂದು ಎಲ್ಲರೂ ಸೇರಿ ಆರಿಸಿದ ಜಾಗ ಅದು. ಅತ್ತೆ ದಿನಾಲೂ ಕವಡಿ ಹಾಕಲು ಕೂಡುತ್ತಿದ್ದದ್ದೂ ಅಲ್ಲೇ. ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು. ಸಣ್ಣತ್ತಿಯ ಬಾಗಿಲು ತೆರೆಯಿತು. ಬಂದು ಎದುರಿಗೆ, ತಮ್ಮ ಜಾಗದಲ್ಲಿ, ಕೂತರು. ಅಳಲಿಲ್ಲ, ಮಾತಾಡಲಿಲ್ಲ. "ಸತ್ತ ಮ್ಯಾಲೂ ಜಿದ್ದ ಬಿಡಲಿಲ್ಲ ನೋಡ್ರಿ" ಎಂದು ಯಾರೋ ಪಿಸುಗುಟ್ಟಿದರು.

ಸಣ್ಣತ್ತಿ ಸೆರಗಿನ ಗಂಟು ಬಿಚ್ಚಿದರು. ಕಲ್ಲಿನ ಮೇಲೆ ಬಿದ್ದಿದ್ದ ಹೂವಿನೆಸಳುಗಳನ್ನು ಕೈಯಿಂದ ಸರಿಸಿ, ಒಂದು ಹುಣಸೆ ಬೀಜ ಇಟ್ಟರು, ಒಂದು ಬಳೆಚೂರು ಇಟ್ಟರು. ಕವಡಿ ಹಾಕಿದರು. ಅಳುವ ಹಾಡು ಅಲ್ಲಲ್ಲೇ ನಿಂತುಹೋಯಿತು. ಎಷ್ಟು ಬಿತ್ತೆಂದು ನಾನು ನೋಡಲಿಲ್ಲ. ಅವರು ಬಳೆಚೂರನ್ನು ಎಣಿಸಿ ನಡೆಸಿ, ಹುಣಸೆ ಬೀಜವನ್ನು ಹೊಡೆದು ತೆಗೆದರು. ಆಮೇಲೆ ಮಾತಾಡಿದರು. ಆಟ ನಡೆದಿತ್ತಲ್ಲ.

"ಹೊಡದೀನಿ ನೋಡು. ಯಾವ ಕಾಯಿ ಅಂತ ಕೇಳಿದ್ದೆ ನಿನ್ನ. ನಾಳಿ ಹೇಳ್ತೀನಿ ಅಂದಿ. ದಿನಾ ಮಳ್ಯಾಗ ಕುಂತು ಕರದೆ, ದಿನಾ ಒಲ್ಲೆ ಅಂದಿ. ಯಾಕ ಒಲ್ಲೆ ಅಂದಿ, ಗುರುಬಸವ್ವಾ? ಹೇಳದ ಯಾಕ ಹೋದಿ?"

ನಮ್ಮವರು ಕಟ್ಟೆಯ ಕೆಳಗೆ ಚಪ್ಪಲಿಗಳ ನಡುವೆ ನಿಂತಿದ್ದರು.

ಮಣ್ಣು ಮುಗಿದ ಮೇಲೆ ಸಣ್ಣತ್ತಿಗೆ ಎಲ್ಲ ಹೇಳಿದೆ. ಒಂದೂ ಬಿಡದೆ ಹೇಳಿದೆ. ಪೂರ್ತಿ ಕೇಳಿ, "ನಾ ಬಿಟ್ಟ ಕೊಟ್ಟೆ ಅಂತ ತಿಳದ ಹೋದಳೇನು?" ಎಂದರು. "ನಾ ಆಕಿನ್ನ ಎಂದೂ ಬಿಟ್ಟ ಕೊಡ್ತಿದ್ದಿಲ್ಲವ್ವಾ. ಉಸರ ಇರೂತನಕಾ ಹೊಡೀತಿದ್ದೆ." ಆಮೇಲೆ ನಮ್ಮವರನ್ನು ಕರೆದು ಕೇಳಿದರು: ಅವ್ವ ಏನಂದಳು, ಯಾವ ಮಾತು, ಹೆಂಗ ಅಂದಳು. ನಮ್ಮವರು ನೆನಪಿಲ್ಲ ಎಂದರು. ಸಣ್ಣತ್ತಿಯ ಕೈ ಕೊರಳಿನ ಲಿಂಗಕ್ಕೆ ಹೋಯಿತು. ಟೊಂಕದ ಮೇಲೆ ಹೊತ್ತು ಬೆಳೆಸಿದ ಮಗನ ಜೊತೆ ಅವತ್ತಿನಿಂದ ಮಾತಿಲ್ಲ.

ಎರಡು ವರ್ಷವಾಯಿತು. ಹಬ್ಬಕ್ಕೆ ನಾನೊಬ್ಬಳೇ ಹೋಗಿ ಬರುತ್ತಿದ್ದೆ. ಈ ಪಂಚಮಿಗೆ ನಮ್ಮವರೇ, "ನಾನೂ ಬರ್ತೀನಿ. ಆಟಕ್ಕರ ಕುಂದರತೀನಿ. ಆಟದಾಗ ಮಾತಾಡಬೌದಲ್ಲ?" ಎಂದರು. ಅವರ ದನಿಯಲ್ಲಿ ನೋವಿತ್ತು, ಇಲ್ಲವೆನ್ನಲಾರೆ. ಶ್ವೇತಾಳ ಹತ್ತಿರ ಹದಿನೈದು ದಿನ ಚೌಕಾಬಾರ ಕಲಿತರು. ಅದಕ್ಕೇ ಈ ಬಸ್ಸು.

ಊಟವಾದ ಮೇಲೆ ಸಣ್ಣತ್ತಿ ಕಟ್ಟೆಗೆ ಬಂದು ಕೂತರು. ನಮ್ಮವರು ಎದುರಿಗೆ, ತಾಯಿಯ ಜಾಗದಲ್ಲಿ, ಕೂತರು. ಸಣ್ಣತ್ತಿ ಒಂದು ಕ್ಷಣ ನೋಡಿ, ನಾಲ್ಕು ಹುಣಸೆ ಬೀಜ ಅವರ ಮುಂದೆ ತಳ್ಳಿದರು. ನಾನು ಹೊಸ್ತಿಲಲ್ಲಿ ಅರಳಿನ ಪುಟ್ಟಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ. ಕವಡಿ ಉರುಳಿತು. ಎರಡು ವರ್ಷದ ಮೇಲೆ ಸಣ್ಣತ್ತಿ ನಮ್ಮವರಿಗೆ ಮೊದಲ ಮಾತು ಆಡಿದರು: "ನಿನ್ನ ಕಾಯಿ ಸೊರಗೈತಿ. ಉಣ್ತೈತೊ ಇಲ್ಲೊ?"

"ಉಣ್ತೈತಿ ಸಣ್ಣವ್ವಾ" ಎಂದರು ನಮ್ಮವರು. ಕಣ್ಣಲ್ಲಿ ನೀರು ನಿಂತಿತ್ತು. ನನಗೂ.

ಸಣ್ಣತ್ತಿ ಅವರ ಒಂದು ಕಾಯಿ ಹೊಡೆದರು, ಮತ್ತೊಂದು ಹೊಡೆದರು. ಬೈದರು. ಮುಖದ ಗಂಟು ಸಡಿಲಾಗುತ್ತ ಬಂತು. ಆಮೇಲೆ ನಮ್ಮವರಿಗೆ ಚೌಕಾ ಬಿತ್ತು. ಸರಿಯಾಗಿ ನಾಲ್ಕು ಮನೆ ಮುಂದೆ ಸಣ್ಣತ್ತಿಯ ಬಳೆಚೂರು ಬಯಲಲ್ಲಿ ನಿಂತಿತ್ತು. ಅವರೇ ತಂದು ನಿಲ್ಲಿಸಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. ನಮ್ಮವರು ಅದನ್ನು ನೋಡಿದರು, ನನ್ನ ಕಡೆ ನೋಡಿ ಸಣ್ಣಗೆ ನಕ್ಕರು, ಬೇರೆ ಕಾಯಿ ನಡೆಸಿದರು.

"ಅಲ್ಲಿ ಹೊಡ್ಯಾಕ ಬರ್ತಿತ್ತಲ್ಲ" ಎಂದರು ಸಣ್ಣತ್ತಿ.

"ಇರಲಿ ಬಿಡು ಸಣ್ಣವ್ವಾ. ಈ ಸಲ ನೀ ಗೆಲ್ಲು."

ಸಣ್ಣತ್ತಿ ಕವಡಿ ಒಂದೊಂದಾಗಿ ಆರಿಸಿಕೊಂಡರು. ಸೆರಗಿಗೆ ಕಟ್ಟಿ, ಗೋಡೆ ಹಿಡಿದು ಎದ್ದು, ಕುಂಟುತ್ತ ಒಳಗೆ ಹೋದರು. ಅಗುಳಿ ಬಿದ್ದ ಸದ್ದು ಕೇಳಿತು.

ನಮ್ಮವರು ಬೀಜ ಹಿಡಿದ ಕೈ ಹಾಗೆಯೇ ಇಟ್ಟುಕೊಂಡು ನನ್ನನ್ನು ನೋಡಿದರು. "ಏನಾತು? ನಾ ಗೆಲ್ಲಸಾಕತ್ತಿದ್ದೆನಲ್ಲ? ಮುದಕೀನ ಸೋಲಸಬೇಕಿತ್ತೇನು?"

"ಹೊಡೀಬೇಕಿತ್ತು" ಎಂದೆ. "ಹೊಡದಿದ್ರ ಒಳಗ ಕರೀತಿದ್ರು."